ತಂತಿಗೆ ಎಷ್ಟು ಭಾರ? ಕತ್ತಲೆ ಬರುವ ಮೊದಲೇ ಲೆಕ್ಕ ಕೇಳೋಣ!

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾನು ಮಾತಾಡುವುದು ಕರೆಂಟಿನ ವಿಷಯ. ಕರೆಂಟು ಹೋದರೆ ನಾವು ಏನು ಮಾಡುತ್ತೇವೆ? ಮೊದಲು ಬಾಗಿಲಿಗೆ ಬಂದು ಪಕ್ಕದ ಮನೆಯಲ್ಲಿ ಇದೆಯಾ ಅಂತ ನೋಡುತ್ತೇವೆ. ಅಲ್ಲೂ ಇಲ್ಲ ಅಂದರೆ ಒಂದು ಸಮಾಧಾನ! ಆಮೇಲೆ ಲೈನ್‌ಮನ್ನನ್ನು ಬೈಯುತ್ತೇವೆ. ಪಾಪ, ಅವನು ಮಳೆಯಲ್ಲಿ ಕಂಬ ಹತ್ತುವವನು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ನಾವು ಕೇಳುವುದೇ ಇಲ್ಲ. ಈ ತಂತಿ, ಈ ಟ್ರಾನ್ಸ್‌ಫಾರ್ಮರು, ಈ ಇಡೀ ಜಾಲ ಎಷ್ಟು ಭಾರ ಹೊರಬಲ್ಲದು? ಆ ಮಿತಿಯನ್ನು ಮುಂಚೆಯೇ ಕಂಡುಹಿಡಿಯುವುದು ಹೇಗೆ? ಆ ಲೆಕ್ಕ ತಪ್ಪಿದರೆ ಯಾವ ಕಡೆಗೆ ತಪ್ಪುತ್ತದೆ? ಈ ಕೊನೆಯ ಪ್ರಶ್ನೆಗಾಗಿಯೇ ಇವತ್ತಿನ ಮಾತು.

ಪಿಯುಸಿ ಓದಿ ಪ್ರೆಸ್ ನಡೆಸುವ ಮನುಷ್ಯನಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಎಂಜಿನಿಯರಿಂಗ್ ಓದುವ ಹುಡುಗರ ಪ್ರಾಜೆಕ್ಟ್ ವರದಿಗಳು ನನ್ನ ಪ್ರೆಸ್ಸಿಗೆ ಬೈಂಡಿಂಗಿಗೆ ಬರುತ್ತವೆ. ಪುಟಗಳು ಸರಿಯಾಗಿ ಜೋಡಿಸಿವೆಯಾ ಅಂತ ನೋಡುವಾಗ ಕಣ್ಣು ಸುಮ್ಮನಿರುವುದಿಲ್ಲ, ಓದುತ್ತದೆ. ಅರ್ಥವಾಗದ್ದನ್ನು ಆ ಹುಡುಗರನ್ನೇ ಕೂರಿಸಿಕೊಂಡು, ಟೀ ತರಿಸಿಕೊಟ್ಟು ಕೇಳಿದ್ದೇನೆ. ಕರೆಂಟು ನಂಬಿ ಬದುಕುವ ಕಸುಬು ನನ್ನದು. ಮಿಷನ್ ಓಡುವಾಗ ಕರೆಂಟು ಹೋದರೆ ಕಾಗದ ಹಾಳು, ಕೂಲಿ ಹಾಳು, ಕೊಟ್ಟ ಮಾತು ಹಾಳು. ಹಾಗಾಗಿ ಕೇಳುವ ಹಕ್ಕು ನನಗಿದೆ, ನಿಮಗೂ ಇದೆ.

ಅರವತ್ತು ಕೋಟಿ ಜನರ ಕತ್ತಲೆ

೨೦೧೨ನೇ ಇಸವಿ ಜುಲೈ ೩೦. ಬೆಳಗಿನ ಜಾವ ಎರಡೂವರೆ ದಾಟಿತ್ತು. ಉತ್ತರ ಭಾರತದ ವಿದ್ಯುತ್ ಜಾಲ ಪೂರ್ತಿ ಕುಸಿಯಿತು. ಸುಮಾರು ೩೬,೦೦೦ ಮೆಗಾವ್ಯಾಟ್ ಲೋಡು ಒಮ್ಮೆಲೇ ಹೋಯಿತು. ಹೇಗೋ ಎಬ್ಬಿಸಿ ನಿಲ್ಲಿಸಿದರು. ಮಾರನೇ ದಿನ ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಬಿತ್ತು! ಈ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ಜಾಲಗಳು ಒಟ್ಟಿಗೆ. ಸುಮಾರು ೪೮,೦೦೦ ಮೆಗಾವ್ಯಾಟ್. ಅರವತ್ತು ಕೋಟಿ ಜನ ವಾಸಿಸುವ ನೆಲ ಅದು. ರೈಲುಗಳು ಹಳಿಯ ಮೇಲೇ ನಿಂತವು. ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಯಲ್ಲಿ ಇಳಿದಿದ್ದ ಕಾರ್ಮಿಕರು ಲಿಫ್ಟ್ ಇಲ್ಲದೆ ನೆಲದಡಿಯಲ್ಲೇ ಉಳಿದರು. ಅವರನ್ನು ಮೇಲೆ ತರುವ ತನಕ ಮನೆಯವರ ಜೀವ ಕೈಯಲ್ಲಿತ್ತು.

ಏನಾಗಿತ್ತು? ಸಿಡಿಲು ಬಡಿದಿತ್ತೇ? ತಂತಿ ಹರಿದಿತ್ತೇ? ಇಲ್ಲ ಸ್ವಾಮಿ! ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರಿಗೆ ಹೋಗುವ ೪೦೦ ಕಿಲೋವೋಲ್ಟಿನ ಒಂದು ಲೈನು. ಅದರ ಜೋಡಿ ಲೈನನ್ನು ಮೇಲ್ದರ್ಜೆಗೆ ಏರಿಸಲು ಮೊದಲೇ ಬಂದ್ ಮಾಡಿದ್ದರು. ಸುತ್ತಮುತ್ತ ಇನ್ನೂ ಹಲವು ಲೈನುಗಳು ಸೇವೆಯಲ್ಲಿರಲಿಲ್ಲ. ಉತ್ತರದ ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು. ಉಳಿದ ಒಂದೇ ಲೈನಿನ ಮೇಲೆ ಭಾರ ಏರಿತು, ವೋಲ್ಟೇಜು ಇಳಿಯಿತು. ಲೈನನ್ನು ಕಾಯುವ ರಿಲೇ ಅಂತ ಒಂದು ಸಾಧನ ಇರುತ್ತದೆ. ಅದು ವೋಲ್ಟೇಜನ್ನೂ ಕರೆಂಟನ್ನೂ ಅಳೆದು, ಎಲ್ಲೋ ದೂರದಲ್ಲಿ ಶಾರ್ಟ್ ಆಗಿದೆಯೇ ಎಂದು ನಿರ್ಧರಿಸುತ್ತದೆ. ವೋಲ್ಟೇಜು ಕಮ್ಮಿ, ಕರೆಂಟು ಜಾಸ್ತಿ ಅಂದರೆ ಅದರ ಕಣ್ಣಿಗೆ ಶಾರ್ಟ್ ಆದಂತೆಯೇ. ಲೈನನ್ನು ಕತ್ತರಿಸಿಬಿಟ್ಟಿತು. ಅಲ್ಲಿಂದ ಒಂದರ ಹಿಂದೆ ಒಂದು. ಲೈನಿನಲ್ಲಿ ಯಾವ ದೋಷವೂ ಕಾಣಲಿಲ್ಲ ಎಂದು ವಿಚಾರಣಾ ಸಮಿತಿಯೇ ಹೇಳಿತು. ಕೆಟ್ಟದ್ದು ತಂತಿಯಲ್ಲ, ಮೀರಿದ್ದು ಮಿತಿ!

ಆಗ ದಕ್ಷಿಣ ಭಾರತ ಉಳಿಯಿತು. ಯಾಕೆಂದರೆ ನಮ್ಮ ಜಾಲ ಆಗ ಉಳಿದ ದೇಶದೊಂದಿಗೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿ.ಸಿ. ಕೊಂಡಿಗಳ ಮೂಲಕ ಮಾತ್ರ ಸಂಬಂಧ. ಆದರೆ ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು–ಸೋಲಾಪುರ ೭೬೫ ಕಿಲೋವೋಲ್ಟ್ ಲೈನು ಚಾಲೂ ಆಯಿತು. ಅಂದಿನಿಂದ ಇಡೀ ದೇಶ ಒಂದೇ ಜಾಲ. ಅನುಕೂಲ ಬಹಳ ಇದೆ: ಕೊರತೆ ಬಂದಾಗ ದೂರದಿಂದ ತರಿಸಬಹುದು. ಆದರೆ ಈಗ ಗ್ವಾಲಿಯರಿನ ಮಿತಿ ನಮ್ಮದೂ ಹೌದು, ರಾಯಚೂರಿನ ಮಿತಿ ಅವರದ್ದೂ ಹೌದು.

ಹೆಚ್ಚು ಎಳೆದರೆ ಕಮ್ಮಿ ಸಿಗುವ ಲೆಕ್ಕ

ಮಿತಿ ಅಂದರೆ ಏನು? ತಂತಿ ಕಾದು ಜೋತು ಬೀಳುವುದು ಒಂದು ಮಿತಿ. ಅದು ಎಲ್ಲರಿಗೂ ಅರ್ಥವಾಗುತ್ತದೆ. ಇನ್ನೊಂದು ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಪೆನ್ನು ಇದ್ದವರು ತೆಗೆಯಿರಿ, ಒಂದು ಸಣ್ಣ ಲೆಕ್ಕ ಮಾಡೋಣ.

ಒಂದು ತುದಿಯಲ್ಲಿ ೧೦೦ ವೋಲ್ಟು ಇದೆ. ನಡುವಿನ ತಂತಿಯ ತಡೆ ಒಂದು ಓಮ್. ಆಚೆ ತುದಿಯಲ್ಲಿ ನೀವು ೩೦ ಆಂಪಿಯರ್ ಎಳೆದರೆ ದಾರಿಯಲ್ಲೇ ೩೦ ವೋಲ್ಟು ಕಳೆದು ೭೦ ಉಳಿಯುತ್ತದೆ. ಎಪ್ಪತ್ತನ್ನು ಮೂವತ್ತರಿಂದ ಗುಣಿಸಿ: ನಿಮಗೆ ಸಿಕ್ಕಿದ್ದು ೨,೧೦೦ ವ್ಯಾಟ್. ೪೦ ಎಳೆದರೆ ೬೦ ವೋಲ್ಟು ಉಳಿಯುತ್ತದೆ, ೨,೪೦೦ ವ್ಯಾಟ್. ೫೦ ಎಳೆದರೆ ೫೦ ವೋಲ್ಟು, ೨,೫೦೦ ವ್ಯಾಟ್. ಇನ್ನೂ ಬೇಕು ಅಂತ ೬೦ ಎಳೆದಿರಿ. ಉಳಿಯುವುದು ೪೦ ವೋಲ್ಟು. ಗುಣಿಸಿ ನೋಡಿ: ೨,೪೦೦! ಹೆಚ್ಚು ಎಳೆದಿರಿ, ಕಮ್ಮಿ ಸಿಕ್ಕಿತು. ಆ ೨,೫೦೦ ಇದೆಯಲ್ಲ, ಅದೇ ಆ ತಂತಿಯ ತುತ್ತತುದಿ. ಎಂಜಿನಿಯರುಗಳು ಇದನ್ನು ಗೆರೆ ಹಾಕಿ ತೋರಿಸುವಾಗ ಆಕಾರ ಮೂಗಿನಂತೆ ಕಾಣುತ್ತದೆ. ಅದಕ್ಕೆ ಅದರ ಹೆಸರೇ ಮೂಗಿನ ತುದಿ. ಇವತ್ತಿನ ಲೋಡಿನಿಂದ ಆ ತುದಿಗೆ ಎಷ್ಟು ದೂರ ಇದೆಯೋ ಅದೇ ಜಾಲದ ಉಳಿದ ತಾಕತ್ತು.

ನಿಜವಾದ ಜಾಲ ಇಷ್ಟು ಸರಳವಲ್ಲ. ಅಲ್ಲಿ ವೋಲ್ಟೇಜು ಬೀಳದಂತೆ ಕೆಪಾಸಿಟರುಗಳನ್ನು ಕೂರಿಸಿರುತ್ತಾರೆ. ಅವು ಒಳ್ಳೆಯವೇ, ಆದರೆ ಮೋಸವೂ ಇದೆ. ತುದಿ ಹತ್ತಿರ ಬರುವ ತನಕ ವೋಲ್ಟೇಜು ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಒಮ್ಮೆಲೇ ಜಾರುತ್ತದೆ. ೧೯೮೭ರ ಜುಲೈ ೨೩ರಂದು ಜಪಾನಿನ ಟೋಕಿಯೋದಲ್ಲಿ ಆಗಿದ್ದು ಇದೇ. ವಿಪರೀತ ಸೆಖೆ. ಮಧ್ಯಾಹ್ನದ ಊಟದ ವಿರಾಮ ಮುಗಿದು ಎಲ್ಲ ಕಚೇರಿಗಳಲ್ಲೂ ಎ.ಸಿ.ಗಳು ಒಟ್ಟಿಗೆ ಶುರುವಾದವು. ನಿಮಿಷಕ್ಕೆ ೪೦೦ ಮೆಗಾವ್ಯಾಟ್‌ನಂತೆ ಬೇಡಿಕೆ ಏರಿತು. ಇದ್ದ ಕೆಪಾಸಿಟರುಗಳನ್ನೆಲ್ಲ ಹಾಕಿದರೂ ವೋಲ್ಟೇಜು ಇಳಿಯುತ್ತಲೇ ಹೋಯಿತು. ವೋಲ್ಟೇಜು ಇಳಿದಷ್ಟೂ ಆ ಎ.ಸಿ.ಗಳು ಇನ್ನೂ ಹೆಚ್ಚು ಕರೆಂಟು ಎಳೆದವು. ೮,೧೬೮ ಮೆಗಾವ್ಯಾಟ್ ಲೋಡು ಹೋಯಿತು, ೨೮ ಲಕ್ಷ ಗ್ರಾಹಕರಿಗೆ ಕತ್ತಲೆ. ಜಪಾನಿನವರು ದಡ್ಡರೇ? ಅಲ್ಲ. ಮಿತಿ ಅನ್ನುವುದು ತಂತಿಯ ಮೇಲೆ ಬರೆದಿಟ್ಟ ನಂಬರಲ್ಲ. ಲೋಡು ಎಲ್ಲಿ ಏರುತ್ತಿದೆ, ಯಾವ ಸ್ಥಾವರ ಓಡುತ್ತಿದೆ, ಯಾವ ಲೈನು ಬಂದ್ ಆಗಿದೆ ಅನ್ನುವುದರ ಮೇಲೆ ಗಂಟೆ ಗಂಟೆಗೂ ಬದಲಾಗುವ ಸಂಖ್ಯೆ ಅದು.

ಎಲ್ಲವನ್ನೂ ಪರೀಕ್ಷಿಸಲು ಆಯುಸ್ಸು ಸಾಲದು

ಹಾಗಾದರೆ ಕಂಪ್ಯೂಟರ್ ಇದೆಯಲ್ಲ, ಲೆಕ್ಕ ಹಾಕಲಿ ಅನ್ನುತ್ತೀರಿ. ಲೋಡು ಯಾವ ರೀತಿ ಏರುತ್ತದೆ ಅಂತ ನೀವೇ ಹೇಳಿಬಿಟ್ಟರೆ ಕಂಪ್ಯೂಟರ್ ಹಾಕುತ್ತದೆ. ಹೆಜ್ಜೆ ಹೆಜ್ಜೆಯಾಗಿ ಲೋಡು ಏರಿಸುತ್ತಾ ಆ ಮೂಗಿನ ತುದಿ ದಾಟುವ ತನಕ ಹಿಂಬಾಲಿಸುವ ವಿಧಾನವನ್ನು ವೆಂಕಟರಮಣ ಅಜ್ಜರಪು ಮತ್ತು ಕ್ರಿಸ್ಟಿ ಎಂಬ ಇಬ್ಬರು ೧೯೯೨ರಲ್ಲಿ ಪ್ರಕಟಿಸಿದರು. ಅದು ಗಟ್ಟಿ ವಿಧಾನ. ಆದರೆ ಅದು ಒಂದು ದಾರಿಯನ್ನು ಹಿಡಿದು ಹೋಗುತ್ತದೆ. ನಮಗೆ ಬೇಕಾದದ್ದು ಸಾವಿರಾರು ದಾರಿಗಳ ಲೆಕ್ಕ.

ನೋಡಿ, ಒಂದು ಟ್ರಾನ್ಸ್‌ಫಾರ್ಮರಿಗೆ ವೋಲ್ಟೇಜು ಹೆಚ್ಚು ಕಡಿಮೆ ಮಾಡಲು ೩೩ ಮೆಟ್ಟಿಲು ಇದೆ ಅಂದುಕೊಳ್ಳಿ. ಅಂಥ ಹತ್ತು ಟ್ರಾನ್ಸ್‌ಫಾರ್ಮರು. ಒಟ್ಟು ಎಷ್ಟು ರೀತಿ ಹೊಂದಿಸಬಹುದು? ೩೩ನ್ನು ಹತ್ತು ಸಲ ಗುಣಿಸಬೇಕು. ಒಂದೂವರೆ ಸಾವಿರ ಲಕ್ಷ ಕೋಟಿಗಿಂತ ಹೆಚ್ಚು! ಸೆಕೆಂಡಿಗೆ ಸಾವಿರ ಲೆಕ್ಕ ಮಾಡುವ ಕಂಪ್ಯೂಟರಿಗೂ ೪೮,೦೦೦ ವರ್ಷ ಬೇಕು. ಇನ್ನೊಂದು ಕಡೆಯಿಂದ ನೋಡಿ. ಜಾಲದಲ್ಲಿ ಸಾವಿರ ಲೈನುಗಳಿವೆ. ಒಂದೊಂದೇ ಕೆಟ್ಟರೆ ಏನಾಗುತ್ತದೆ ಅಂತ ನೋಡಲು ಸಾವಿರ ಪರೀಕ್ಷೆ ಸಾಕು. ಎರಡು ಒಟ್ಟಿಗೆ ಕೆಟ್ಟರೆ? ೪,೯೯,೫೦೦ ಜೋಡಿ. ಮೂರು ಕೆಟ್ಟರೆ? ಹದಿನಾರು ಕೋಟಿ ಅರವತ್ತೊಂದು ಲಕ್ಷಕ್ಕೂ ಮಿಕ್ಕಿ. ೨೦೧೨ರಲ್ಲಿ ಮೊದಲೇ ಹಲವು ಲೈನುಗಳು ಬಂದ್ ಆಗಿದ್ದವು ಅನ್ನುವುದನ್ನು ಮರೆಯಬೇಡಿ.

ಇಲ್ಲಿಗೆ ಬರುತ್ತದೆ ಹ್ಯೂರಿಸ್ಟಿಕ್ ವಿಧಾನ. ಹೆಸರು ಕೇಳಿ ಹೆದರಬೇಡಿ. ಎಲ್ಲವನ್ನೂ ಪರೀಕ್ಷಿಸದೆ, ಜಾಡು ಹಿಡಿದು ಹುಡುಕುವುದು, ಅಷ್ಟೇ. ನಮ್ಮ ಮಿಷನ್‌ಮನ್ ದಿನಾ ಮಾಡುವ ಕೆಲಸ. ನಾಲ್ಕು ಬಣ್ಣದ ಆಫ್‌ಸೆಟ್ ಮಿಷನ್ನಿನಲ್ಲಿ ಇಂಕು ಬಿಡುವ ಕೀಲಿಗಳು ಹತ್ತಾರು, ನೀರಿನ ಹದ ಬೇರೆ. ಎಲ್ಲ ಕೀಲಿಗಳನ್ನೂ ಎಲ್ಲ ರೀತಿ ತಿರುಗಿಸಿ ನೋಡುತ್ತಾನೆಯೇ? ಹಾಗೆ ಮಾಡಿದರೆ ಮದುವೆ ಮುಗಿದು ಮಗುವಿನ ನಾಮಕರಣದ ಹೊತ್ತಿಗೆ ಲಗ್ನಪತ್ರಿಕೆ ಸಿಗುತ್ತದೆ! ಅವನು ವೇಸ್ಟ್ ಶೀಟು ಓಡಿಸುತ್ತಾನೆ, ಒಂದನ್ನು ಎಳೆದು ಪ್ರೂಫಿನ ಪಕ್ಕ ಇಟ್ಟು ನೋಡುತ್ತಾನೆ, ಕೆಂಪು ಜಾಸ್ತಿಯಾಯಿತು ಅಂದರೆ ಕೀಲಿ ತಿರುಗಿಸುತ್ತಾನೆ. ಚೆನ್ನಾಯಿತೇ, ಉಳಿಸಿಕೊಳ್ಳುತ್ತಾನೆ. ಕೆಟ್ಟಿತೇ, ಹಿಂದಕ್ಕೆ ತಿರುಗಿಸುತ್ತಾನೆ. ಐವತ್ತು ಶೀಟಿನೊಳಗೆ ಬಣ್ಣ ಕೂರುತ್ತದೆ.

ಹಕ್ಕಿಗಳ ಹಿಂಡು, ನಂದಿ ಬೆಟ್ಟದ ಮಂಜು

ಆದರೆ ಒಂದು ಅಪಾಯ ಇದೆ. ಮಂಜು ಕವಿದ ಬೆಳಗ್ಗೆ ನಂದಿ ಬೆಟ್ಟದ ಸುತ್ತ ನೀವು ಒಬ್ಬರೇ ನಿಂತಿದ್ದೀರಿ. ಎರಡು ಮಾರು ಆಚೆ ಕಾಣುವುದಿಲ್ಲ. ಕಾಲಿಗೆ ಏರು ಸಿಕ್ಕ ಕಡೆಗೇ ನಡೆಯುತ್ತೀರಿ. ಇನ್ನು ಏರು ಇಲ್ಲ ಅಂದಾಗ ನಿಲ್ಲುತ್ತೀರಿ. ನಂದಿ ಹತ್ತಿದೆ ಅಂದುಕೊಳ್ಳುತ್ತೀರಿ. ಮಂಜು ಸರಿದ ಮೇಲೆ ನೋಡಿದರೆ ಪಕ್ಕದ ಯಾವುದೋ ಚಿಕ್ಕ ಗುಡ್ಡ! ಬರೀ ಏರು ಹುಡುಕುವವನ ಕಥೆ ಇದು.

ಇದನ್ನು ತಪ್ಪಿಸಲು ಒಬ್ಬೊಬ್ಬರು ಒಂದೊಂದು ದಾರಿ ಕಂಡರು. ಅಮೆರಿಕದ ಜಾನ್ ಹಾಲೆಂಡ್ ೧೯೭೫ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹೆಸರಾದದ್ದು ವಂಶವಾಹಿ ವಿಧಾನ. ಅಲ್ಲಿ ಒಳ್ಳೆಯ ಉತ್ತರಗಳನ್ನು ತಳಿಯಂತೆ ಬೆರೆಸಿ ಹೊಸ ಉತ್ತರ ಹುಟ್ಟಿಸುತ್ತಾರೆ. ೧೯೮೩ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಜೊತೆಗಾರರು ಕಾದ ಲೋಹ ನಿಧಾನವಾಗಿ ಆರುವ ರೀತಿಯನ್ನು ಅನುಸರಿಸಿದರು. ಶುರುವಿನಲ್ಲಿ ಇಳಿಜಾರಿಗೂ ಹೆಜ್ಜೆ ಇಡಬಹುದು, ಬರಬರುತ್ತಾ ಬಿಗಿ. ೧೯೯೫ರಲ್ಲಿ ಕೆನಡಿ ಮತ್ತು ಎಬರ್‌ಹಾರ್ಟ್ ಅನ್ನುವವರು ಹಕ್ಕಿಗಳ ಹಿಂಡಿನ ವಿಧಾನ ತಂದರು. ಇವರಲ್ಲಿ ಒಬ್ಬರು ಸಮಾಜ ಮನೋವಿಜ್ಞಾನಿ, ಇನ್ನೊಬ್ಬರು ಎಲೆಕ್ಟ್ರಿಕಲ್ ಎಂಜಿನಿಯರ್.

ಈ ಹಿಂಡಿನ ವಿಧಾನವನ್ನೇ ತೆಗೆದುಕೊಳ್ಳಿ. ಮಂಜಿನಲ್ಲಿ ಒಬ್ಬರ ಬದಲು ಮೂವತ್ತು ಜನ ಬೇರೆ ಬೇರೆ ಕಡೆ ನಿಂತಿದ್ದಾರೆ. ಪ್ರತಿಯೊಬ್ಬನಿಗೂ ಎರಡು ವಿಷಯ ನೆನಪಿರುತ್ತದೆ: ತಾನು ಈ ತನಕ ಕಂಡ ಅತಿ ಎತ್ತರದ ಜಾಗ, ಗುಂಪಿನಲ್ಲಿ ಯಾರಾದರೂ ಕಂಡ ಅತಿ ಎತ್ತರದ ಜಾಗ. ಮುಂದಿನ ಹೆಜ್ಜೆ ಇವೆರಡರ ಕಡೆಗೂ ಸ್ವಲ್ಪ ಸ್ವಲ್ಪ, ಜೊತೆಗೆ ಅದೃಷ್ಟದ ಒಂದು ತಳ್ಳು. ವಿದ್ಯುತ್ ಲೆಕ್ಕದಲ್ಲಿ ಒಬ್ಬೊಬ್ಬನೂ ಜಾಲದ ಒಂದೊಂದು ಹೊಂದಾಣಿಕೆ: ಯಾವ ಸ್ಥಾವರ ಎಷ್ಟು ಕೊಡಬೇಕು, ಯಾವ ಮೆಟ್ಟಿಲು, ಯಾವ ಕೆಪಾಸಿಟರ್. ಎತ್ತರ ಅಂದರೆ ಆ ಹೊಂದಾಣಿಕೆಯಲ್ಲಿ ಜಾಲ ಹೊರಬಲ್ಲ ಭಾರ. ಕೆಲವು ಸಾವಿರ ಪರೀಕ್ಷೆಯಲ್ಲಿ ಒಳ್ಳೆಯ ಉತ್ತರ ಸಿಗುತ್ತದೆ. ೪೮,೦೦೦ ವರ್ಷದ ಕೆಲಸ ಮಧ್ಯಾಹ್ನದ ಊಟದೊಳಗೆ!

ತಪ್ಪು ಯಾವ ಕಡೆಗೆ ಬೀಳುತ್ತದೆ?

ಯುವಮಿತ್ರರೇ, ಇಲ್ಲಿ ಸ್ವಲ್ಪ ಕಿವಿಗೊಡಿ. ಈ ವಿಧಾನಗಳು ಒಳ್ಳೆಯ ಉತ್ತರ ಕೊಡುತ್ತವೆ. ಅದೇ ಅತ್ಯುತ್ತಮ ಉತ್ತರ ಅಂತ ಖಾತ್ರಿ ಮಾತ್ರ ಕೊಡುವುದಿಲ್ಲ. ಹಾಗಾದರೆ ನಂಬಬಹುದೇ, ಬೇಡವೇ? ಅದು ನೀವು ಕೇಳಿದ ಪ್ರಶ್ನೆಯ ಮೇಲೆ ನಿಂತಿದೆ.

ಮೊದಲನೇ ಬಗೆಯ ಪ್ರಶ್ನೆ: ಜಾಲವನ್ನು ಹೇಗೆ ಹೊಂದಿಸಿದರೆ ಅತಿ ಹೆಚ್ಚು ಭಾರ ಹೊರುತ್ತದೆ? ನಿಜವಾದ ಉತ್ತರ ೧,೨೦೦ ಮೆಗಾವ್ಯಾಟ್ ಅಂತಿಟ್ಟುಕೊಳ್ಳಿ. ಹುಡುಕಾಟ ಪೂರ್ತಿಯಾಗದೆ ೧,೧೫೦ಕ್ಕೆ ನಿಂತಿತು. ಸಿಕ್ಕ ಹೊಂದಾಣಿಕೆ ನಿಯಮಗಳನ್ನೆಲ್ಲ ಪಾಲಿಸುವಂಥದ್ದಾದರೆ ನಷ್ಟ ೫೦ ಮೆಗಾವ್ಯಾಟ್, ಅಷ್ಟೇ. ಕತ್ತಲೆ ಬರುವುದಿಲ್ಲ. ತಪ್ಪು ಸುರಕ್ಷಿತ ಕಡೆಗೆ ಬಿತ್ತು.

ಎರಡನೇ ಬಗೆಯ ಪ್ರಶ್ನೆ: ಯಾವ ಲೈನುಗಳು ಕೆಟ್ಟರೆ, ಯಾವ ಊರಿನ ಲೋಡು ಏರಿದರೆ ಜಾಲ ಅತಿ ಬೇಗ ಕುಸಿಯುತ್ತದೆ? ಇಲ್ಲಿ ಹುಡುಕುತ್ತಿರುವುದು ಅತಿ ದುರ್ಬಲ ಜಾಗವನ್ನು. ನಿಜವಾದ ದುರ್ಬಲ ಜಾಗದಲ್ಲಿ ಮಿತಿ ೯೦೦. ಹುಡುಕಾಟ ಅದನ್ನು ಕಾಣದೆ, ೧,೧೦೦ಕ್ಕೆ ಕುಸಿಯುವ ಇನ್ನೊಂದು ಜಾಗವನ್ನು ತಂದು ಮುಂದಿಟ್ಟಿತು. ಈಗ ಕಾಗದದ ಮೇಲೆ ಮಿತಿ ೧,೧೦೦. ನೀವು ಧೈರ್ಯವಾಗಿ ೧,೦೦೦ ಸಾಗಿಸುತ್ತೀರಿ. ಮಿತಿಯೊಳಗೇ ಇದ್ದೇವೆ ಅಂತ ಎಲ್ಲರೂ ಸಹಿ ಹಾಕುತ್ತಾರೆ. ಆದರೆ ನಿಜದಲ್ಲಿ ಆಗಲೇ ಅಂಚು ದಾಟಿ ನೂರು ಮೆಗಾವ್ಯಾಟ್ ಆಚೆ ನಿಂತಿದ್ದೀರಿ! ಅದೇ ವಿಧಾನ, ಅದೇ ಕಂಪ್ಯೂಟರ್, ಅದೇ ಅರೆಬರೆ ಹುಡುಕಾಟ. ಮೊದಲನೆಯದರಲ್ಲಿ ಸ್ವಲ್ಪ ನಷ್ಟ, ಎರಡನೆಯದರಲ್ಲಿ ಕತ್ತಲೆ.

ಪ್ರೂಫ್ ತಿದ್ದುವವರಿಗೆ ಇದು ಚೆನ್ನಾಗಿ ಗೊತ್ತು. ಹತ್ತು ತಪ್ಪು ಸಿಕ್ಕಿತು ಅಂದರೆ ಹತ್ತು ತಪ್ಪು ಇತ್ತು ಅನ್ನುವುದು ನಿಜ. ಹನ್ನೊಂದನೆಯದು ಸಿಗಲಿಲ್ಲ ಅಂದರೆ ಹನ್ನೊಂದನೆಯದು ಇಲ್ಲ ಅಂತ ಅರ್ಥವಲ್ಲ. ಸಾವಿರ ಪ್ರತಿ ಅಚ್ಚಾದ ಮೇಲೆ ಮುಖಪುಟದಲ್ಲೇ ಅದು ಹಲ್ಲು ಕಿರಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಹುಡುಕಾಟವನ್ನು ಬೇರೆ ಬೇರೆ ಜಾಗದಿಂದ ಮೂವತ್ತು ಸಲ ನಡೆಸಬೇಕು. ಮಿತಿಯ ಲೆಕ್ಕದಲ್ಲಿ ಬಂದ ಉತ್ತರಗಳ ಸರಾಸರಿಯನ್ನಲ್ಲ, ಅತಿ ಕೆಟ್ಟದ್ದನ್ನು ಹಿಡಿಯಬೇಕು. ಹಿಂದೆ ತೊಂದರೆ ಕೊಟ್ಟ ಲೈನುಗಳನ್ನು ಅದೃಷ್ಟಕ್ಕೆ ಬಿಡದೆ ಕಡ್ಡಾಯವಾಗಿ ಪರೀಕ್ಷಿಸಬೇಕು. ಕೊನೆಗೆ ಸಿಕ್ಕ ಉತ್ತರವನ್ನು ಪೂರ್ತಿ ಲೆಕ್ಕಕ್ಕೆ ಹಾಕಿ ಎಲ್ಲ ಕಡೆ ವೋಲ್ಟೇಜು ಸರಿಯಿದೆಯೇ ನೋಡಬೇಕು. ಯಾಕೆಂದರೆ ಈ ವಿಧಾನಗಳಲ್ಲಿ ಸಾಮಾನ್ಯವಾಗಿ ನಿಯಮ ಮುರಿದ ಉತ್ತರಕ್ಕೆ ದಂಡ ಹಾಕುತ್ತಾರೆ. ದಂಡ ಚಿಕ್ಕದಾದರೆ ನಿಯಮ ಮುರಿದವನೇ ಗೆದ್ದುಬಿಡುತ್ತಾನೆ! ನಮ್ಮ ಊರಿನ ಟ್ರಾಫಿಕ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಈ ವಿಷಯದ ವರದಿಗಳಲ್ಲಿ ಮತ್ತೆ ಮತ್ತೆ ಬರುವುದು ೧೧೮ ನಿಲ್ದಾಣಗಳ ಒಂದು ಮಾದರಿ ಜಾಲ. ಅದು ಅಮೆರಿಕದ ಮಧ್ಯಪಶ್ಚಿಮ ಭಾಗದ, ೧೯೬೨ರ ಡಿಸೆಂಬರಿನಲ್ಲಿದ್ದ ಜಾಲದ ಒಂದು ತುಂಡು. ಹೊಸ ವಿಧಾನವನ್ನು ಹಳೆಯ ವಿಧಾನದ ಪಕ್ಕ ಇಟ್ಟು ತೂಗಲು ಅದು ಒಳ್ಳೆಯ ತಕ್ಕಡಿ. ಆದರೆ ಅದರ ಮೇಲೆ ಗೆದ್ದ ವಿಧಾನ ನಮ್ಮ ಜಾಲದಲ್ಲೂ ಗೆಲ್ಲುತ್ತದೆ ಅಂತ ಹೇಗೆ ಹೇಳುವುದು? ಪಾವಗಡದಲ್ಲಿ ೨,೦೫೦ ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಹಗಲು ಅಲ್ಲಿಂದ ಹೊರಡುವ ಕರೆಂಟು ಸೂರ್ಯ ಮುಳುಗಿದ ಮೇಲೆ ಇಲ್ಲ. ಚಿತ್ರದುರ್ಗ, ಗದಗಿನ ಗಾಳಿ ಇವತ್ತು ಬೀಸಿದಂತೆ ನಾಳೆ ಬೀಸುವುದಿಲ್ಲ. ಒಂದೇ ದಿನದಲ್ಲಿ ಲೈನಿನ ಮೇಲಿನ ಹರಿವು ದಿಕ್ಕು ಬದಲಿಸಬಹುದು. ಬೆಳಗಿನ ಮಿತಿ ಸಂಜೆಗೆ ಆಗುವುದಿಲ್ಲ. ಹೀಗಿರುವಾಗ ವೇಗವಾಗಿ ಹುಡುಕುವ ಈ ವಿಧಾನಗಳು ನಮಗೆ ಬೇಕೇ ಬೇಕು. ಬೇಕು ಅನ್ನುವ ಕಾರಣಕ್ಕೇ ಅವುಗಳನ್ನು ಕಣ್ಣು ಮುಚ್ಚಿ ನಂಬಬಾರದು.

ನಿಮ್ಮಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಎಷ್ಟೋ ಜನ ಇದ್ದೀರಿ. ನಾಳೆ ಇಂಥ ಲೆಕ್ಕಕ್ಕೆ ನೀವೇ ಸಹಿ ಹಾಕುವವರು. ಯಾರಾದರೂ ಮಿತಿ ಇಷ್ಟು ಅಂತ ಒಂದು ಸಂಖ್ಯೆ ತಂದಿಟ್ಟರೆ ಮೂರು ಮಾತು ಕೇಳಿ. ಇದು ಯಾವ ದಿನದ, ಯಾವ ಹೊತ್ತಿನ, ಯಾವ ಲೈನು ಬಂದ್ ಆಗಿದ್ದಾಗಿನ ಮಿತಿ? ಹುಡುಕಿದ್ದು ಅತಿ ಒಳ್ಳೆಯದನ್ನೋ, ಅತಿ ದುರ್ಬಲವನ್ನೋ? ಎಷ್ಟು ಸಲ ಹುಡುಕಿದಿರಿ, ಆಮೇಲೆ ಯಾವ ಗಟ್ಟಿ ಲೆಕ್ಕದಿಂದ ತಾಳೆ ನೋಡಿದಿರಿ? ಉತ್ತರ ಸರಿಯಾಗಿ ಬಂದರೆ ಆ ಸಂಖ್ಯೆಗೆ ಮರ್ಯಾದೆ ಕೊಡಿ. ಮಿತಿಯ ಹತ್ತಿರ ಬಂದಾಗ ಒಂದು ಊರಿಗೆ ಅರ್ಧ ಗಂಟೆ ಕರೆಂಟು ತೆಗೆಯಲು ಹೇಳಿದರೆ ತೆಗೆಯಿರಿ. ಜನ ಬೈಯುತ್ತಾರೆ, ನಾನೂ ಬೈಯುತ್ತೇನೆ. ೨೦೧೨ರಲ್ಲಿ ಹೆಚ್ಚು ಎಳೆಯುವುದನ್ನು ನಿಲ್ಲಿಸಿ ಅಂತ ಸೂಚನೆ ಹೋದಾಗ ರಾಜ್ಯಗಳ ಕೇಂದ್ರಗಳಿಂದ ಸಾಕಷ್ಟು ಸ್ಪಂದನೆ ಬರಲಿಲ್ಲ ಎಂದು ಅದೇ ಸಮಿತಿ ಬರೆದಿದೆ. ಅಂದು ಕೆಲವರಿಗೆ ಅರ್ಧ ಗಂಟೆ ತಪ್ಪಿಸಲು ಹೋಗಿ ಎಲ್ಲರಿಗೂ ಕತ್ತಲೆಯಾಯಿತು.

ಓದದವರೂ ಕೇಳಬಹುದು. ಲೆಕ್ಕ ಮಾಡಲು ಡಿಗ್ರಿ ಬೇಕು, ಲೆಕ್ಕ ಕೇಳಲು ಬೇಡ. ೩೦ ಆಂಪಿಯರಿನ ಗುಣಾಕಾರ ಇವತ್ತು ನೀವೆಲ್ಲ ಮಾಡಿದ್ದೀರಿ. ಅಷ್ಟು ಸಾಕು ಶುರುಮಾಡಲು.